ತವರಿನ ಹೆಸರು: ಸ್ಕಾಟ್ಲೆಂಡಿನ ಪೂರ್ವಿಕರನ್ನು ಗ್ರಂಥಾಲಯದ ದಾಖಲೆಗಳಲ್ಲಿ ಹುಡುಕತೊಡಗುವ ಬಗೆ

(ಬೆಂಗಳೂರಿನಲ್ಲಿ ಸ್ಥಳೀಯ ಇತಿಹಾಸದ ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಉಪನ್ಯಾಸ ಆರಂಭವಾಗುವ ಮೊದಲೇ ಹಿರಿಯ ಮಹಿಳೆಯೊಬ್ಬರು ವೇದಿಕೆಯ ಬಳಿಗೆ ಬಂದು ಒಂದು ಹಾಳೆಯ ಜೆರಾಕ್ಸ್ ಪ್ರತಿಯನ್ನು ನನ್ನ ಕೈಗಿತ್ತರು. ಬೆಂಗಳೂರಿನ ದಂಡು ಪ್ರದೇಶದ ಚರ್ಚೊಂದರಲ್ಲಿ 1884ರಲ್ಲಿ ನಡೆದ ಮದುವೆಯ ದಾಖಲೆ ಅದು. ವರನ ಹೆಸರು, ಇಪ್ಪತ್ತಾರು ಎಂಬ ವಯಸ್ಸು, ರೆಜಿಮೆಂಟಿನ ಹೆಸರಿನೊಂದಿಗೆ ಸಾರ್ಜೆಂಟ್ ಎಂಬ ವೃತ್ತಿ, ತಂದೆಯ ಹೆಸರು, ವಧುವಿನ ಕಡೆಯ ಇಂಥವೇ ನಾಲ್ಕು ವಿವರಗಳು, ಕೆಳಗೆ ಇಬ್ಬರು ಸಾಕ್ಷಿಗಳ ಸಹಿ: ಅದರಲ್ಲಿ ಇದ್ದದ್ದು ಇಷ್ಟೇ. "ಇವರು ನಮ್ಮ ತಾಯಿಯ ಅಜ್ಜ, ಸರ್. ಸ್ಕಾಟ್ಲೆಂಡಿನಿಂದ ಬಂದವರು ಅಂತ ಮನೆಯಲ್ಲಿ ಹೇಳಿಕೊಂಡು ಬಂದಿದ್ದಾರೆ. ಯಾವ ಊರು ಅನ್ನೋದು ಮಾತ್ರ ಯಾರಿಗೂ ಗೊತ್ತಿಲ್ಲ. ಇಲ್ಲಿಂದ ಮುಂದಕ್ಕೆ ಹೋಗೋದು ಹೇಗೆ?" ಎಂದು ಅವರು ಕೇಳಿದರು. ಆ ಹಾಳೆಯನ್ನು ಮೇಜಿನ ಮೇಲೆ ಇಟ್ಟುಕೊಂಡೇ ನಾನು ಮಾತನಾಡಿದೆ. ಅವರ ಕುಟುಂಬದ ಹೆಸರನ್ನು ಈ ಬರಹದಲ್ಲಿ ಬದಲಿಸಿದ್ದೇನೆ. ಸಾರ್ಜೆಂಟರನ್ನು ಜಾನ್ ಮ್ಯಾಕ್‌ಡೊನಾಲ್ಡ್ ಎಂದು ಕರೆಯೋಣ. ಆ ಹೆಸರೊಂದನ್ನೇ ಹಿಡಿದು ಸ್ಕಾಟ್ಲೆಂಡಿನಲ್ಲಿ ಹುಡುಕುವುದೆಂದರೆ ಮಂಡ್ಯದ ಸಂತೆಯಲ್ಲಿ ನಿಂತು "ಗೌಡ್ರೇ" ಎಂದು ಕೂಗಿದಂತೆ. ಎಲ್ಲರೂ ತಿರುಗಿ ನೋಡುತ್ತಾರೆ.

ಸ್ಕಾಟ್ಲೆಂಡಿನ ಒಂದು ಸಾರ್ವಜನಿಕ ಗ್ರಂಥಾಲಯದ ಸ್ಥಳೀಯ ಇತಿಹಾಸ ವಿಭಾಗದಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದೆ. ಕೆನಡಾದಿಂದ, ನ್ಯೂಜಿಲೆಂಡಿನಿಂದ, ಒಮ್ಮೊಮ್ಮೆ ನಮ್ಮ ದೇಶದಿಂದಲೂ ಬಂದವರು ಆ ಮೇಜಿನ ಮುಂದೆ ಕುಳಿತು ಬಹುಮಟ್ಟಿಗೆ ಇದೇ ಪ್ರಶ್ನೆಯನ್ನು ಕೇಳುತ್ತಿದ್ದರು. ಎಲ್ಲರೂ ತಂದೆಯ ಕಡೆಯ ಅಡ್ಡಹೆಸರನ್ನು ಹೊತ್ತು ತರುತ್ತಿದ್ದರು, ತಾಯಂದಿರ ಹೆಸರು ಕೇಳಿದರೆ ತಡವರಿಸುತ್ತಿದ್ದರು. ಆದರೆ ಸ್ಕಾಟ್ಲೆಂಡಿನ ದಾಖಲೆಗಳ ಬಾಗಿಲು ತೆರೆಯುವುದು ಹೆಚ್ಚಾಗಿ ಹೆಣ್ಣುಮಕ್ಕಳ ತವರಿನ ಹೆಸರಿನಿಂದ. ಆ ದೇಶದ ರೂಢಿಯಲ್ಲಿ ಮದುವೆಯಾದ ಹೆಂಗಸು ಕಾನೂನಿನ ಕಾಗದಗಳಲ್ಲಿ ತನ್ನ ತವರಿನ ಹೆಸರನ್ನು ಕಳೆದುಕೊಳ್ಳುತ್ತಿರಲಿಲ್ಲ. ಗೋರಿಕಲ್ಲಿನ ಮೇಲೂ ಆಕೆ ತನ್ನ ಹುಟ್ಟುಹೆಸರಿನಲ್ಲೇ, ಇಂಥವನ ಹೆಂಡತಿ ಎಂಬ ವಿವರಣೆಯೊಂದಿಗೆ ಕಾಣಿಸಿಕೊಳ್ಳುತ್ತಾಳೆ. ಇಂಗ್ಲೆಂಡಿನ ದಾಖಲೆಗಳಲ್ಲಿ ಪಳಗಿದವರಿಗೆ ಇದು ಮೊದಲಿಗೆ ಆಶ್ಚರ್ಯವನ್ನೂ ಆಮೇಲೆ ಅಸೂಯೆಯನ್ನೂ ಉಂಟುಮಾಡುತ್ತದೆ.

ಹುಡುಕಾಟವನ್ನು ಹುಟ್ಟಿನಿಂದ ಆರಂಭಿಸಬೇಕೆಂದು ಬಹಳ ಜನ ಭಾವಿಸುತ್ತಾರೆ. ನನ್ನ ಸಲಹೆ ಅದಕ್ಕೆ ವಿರುದ್ಧವಾದದ್ದು: ಸಾವಿನಿಂದ ಆರಂಭಿಸಿ ಹಿಂದಕ್ಕೆ ನಡೆಯಿರಿ. ಸ್ಕಾಟ್ಲೆಂಡಿನಲ್ಲಿ ಸರ್ಕಾರಿ ನೋಂದಣಿ ಕಡ್ಡಾಯವಾದದ್ದು 1855ರ ಜನವರಿ 1ರಂದು. ಇಂಗ್ಲೆಂಡಿಗಿಂತ ಹದಿನೆಂಟು ವರ್ಷ ತಡವಾಗಿ ತೊಡಗಿದರೂ, ತಡವಾದದ್ದಕ್ಕೆ ತಕ್ಕಂತೆ ಚೆನ್ನಾಗಿ ತೊಡಗಿದರು. ಅಲ್ಲಿನ ಮರಣ ದಾಖಲೆಯಲ್ಲಿ ಸತ್ತವರ ತಂದೆಯ ಹೆಸರು, ವೃತ್ತಿ, ತಾಯಿಯ ಹೆಸರು, ತಾಯಿಯ ತವರಿನ ಅಡ್ಡಹೆಸರು ಇವೆಲ್ಲ ಇರುತ್ತವೆ. ಮದುವೆಯ ದಾಖಲೆಯಲ್ಲಿ ವಧೂವರರಿಬ್ಬರ ತಂದೆತಾಯಿಗಳೂ, ಎಂದರೆ ನಾಲ್ಕು ಮಂದಿ ಹಿರಿಯರು, ತಮ್ಮ ತಮ್ಮ ಹೆಸರಿನೊಂದಿಗೆ ಬರುತ್ತಾರೆ. ಹೀಗಾಗಿ 1860ರಲ್ಲಿ ಎಂಬತ್ತು ವರ್ಷದ ಮುದುಕಿಯೊಬ್ಬಳು ತೀರಿಕೊಂಡಿದ್ದರೆ, ಆ ಒಂದು ಪುಟದ ಆಧಾರದಿಂದ ಹದಿನೆಂಟನೆಯ ಶತಮಾನದ ನಡುವಿನಲ್ಲಿ ಹುಟ್ಟಿದ ಅವಳ ತಂದೆತಾಯಿಗಳನ್ನು ಮುಟ್ಟಬಹುದು. ಆ ವಿವರವನ್ನು ಹೇಳಿದವರು ಯಾರೆಂಬುದನ್ನು ಮಾತ್ರ ತಪ್ಪದೆ ನೋಡಬೇಕು. ಮಗನು ಹೇಳಿದ್ದರೆ ಅಜ್ಜಿಯ ಹೆಸರು ಸರಿಯಿರುವ ಸಾಧ್ಯತೆ ಹೆಚ್ಚು. ಪಕ್ಕದ ಮನೆಯವರೋ ಆಶ್ರಯಧಾಮದ ಗುಮಾಸ್ತರೋ ಹೇಳಿದ್ದರೆ ಅದನ್ನು ಇನ್ನೊಂದು ದಾಖಲೆಯಿಂದ ಖಚಿತಪಡಿಸಿಕೊಳ್ಳದೆ ಮುಂದೆ ಹೋಗಬಾರದು.

ನೋಂದಣಿಯ ಮೊದಲ ವರ್ಷವಾದ 1855ರ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಬೇಕು. ಆ ಒಂದು ವರ್ಷ ಅಧಿಕಾರಿಗಳು ಕೇಳಿದ ಪ್ರಶ್ನೆಗಳು ಎಷ್ಟೆಂದರೆ, ಜನನದ ದಾಖಲೆಯಲ್ಲಿ ತಂದೆತಾಯಿಗಳ ವಯಸ್ಸು, ಅವರು ಹುಟ್ಟಿದ ಊರು, ಮದುವೆಯಾದ ದಿನ ಮತ್ತು ಸ್ಥಳ, ಅದಕ್ಕೂ ಮೊದಲು ಹುಟ್ಟಿದ ಮಕ್ಕಳ ಸಂಖ್ಯೆ ಎಲ್ಲವೂ ಇವೆ. ಮರಣದ ದಾಖಲೆಯಲ್ಲಿ ಸತ್ತವರ ಎಲ್ಲ ಮಕ್ಕಳ ಹೆಸರುಗಳೂ ವಯಸ್ಸೂ ಇವೆ. ರಿಜಿಸ್ಟ್ರಾರರು ಬರೆದು ಬರೆದು ಸೋತರು, ಮರುವರ್ಷವೇ ಹೆಚ್ಚಿನ ಕಾಲಮುಗಳು ಮಾಯವಾದವು. ತಂದೆತಾಯಿಗಳ ಮದುವೆಯ ದಿನ ಮತ್ತು ಸ್ಥಳ ಮಾತ್ರ 1861ರಿಂದ ಜನನದ ದಾಖಲೆಗೆ ಮರಳಿ ಬಂತು. ಆದ್ದರಿಂದ ನಿಮ್ಮ ಪೂರ್ವಿಕರ ಅಣ್ಣನೋ ತಂಗಿಯೋ ಚಿಕ್ಕಪ್ಪನೋ ಯಾರೇ ಆಗಲಿ 1855ರಲ್ಲಿ ಹುಟ್ಟಿದ್ದರೆ ಅಥವಾ ಸತ್ತಿದ್ದರೆ, ನೇರ ಸಂಬಂಧದವರಲ್ಲ ಎಂದು ಬಿಟ್ಟುಬಿಡದೆ ಆ ಪುಟವನ್ನು ತೆಗೆಸಿ ನೋಡಬೇಕು.

ಈ ದಾಖಲೆಗಳ ಚಿತ್ರಗಳು ಸ್ಕಾಟ್ಲೆಂಡ್ಸ್‌ಪೀಪಲ್ ಎಂಬ ಸರ್ಕಾರಿ ಜಾಲತಾಣದಲ್ಲಿ ಸಿಗುತ್ತವೆ. ಅದನ್ನು ನಡೆಸುವುದು ಎಡಿನ್‌ಬರೋದಲ್ಲಿರುವ ನ್ಯಾಷನಲ್ ರೆಕಾರ್ಡ್ಸ್ ಆಫ್ ಸ್ಕಾಟ್ಲೆಂಡ್. ಹೆಸರು ನೋಂದಾಯಿಸಿಕೊಂಡವರು ಸೂಚಿಯನ್ನು ಉಚಿತವಾಗಿ ಹುಡುಕಬಹುದು, ಪುಟದ ಚಿತ್ರಕ್ಕೆ ಹಣ ಕೊಡಬೇಕು. ನೂರು ವರ್ಷದೊಳಗಿನ ಜನನ, ಎಪ್ಪತ್ತೈದು ವರ್ಷದೊಳಗಿನ ಮದುವೆ, ಐವತ್ತು ವರ್ಷದೊಳಗಿನ ಮರಣ ಇವುಗಳ ಚಿತ್ರಗಳನ್ನು ಮನೆಯಲ್ಲಿ ಕುಳಿತು ನೋಡಲಾಗುವುದಿಲ್ಲ. ಹಣ ಕೊಡುವ ಮೊದಲು ಗ್ರಂಥಾಲಯದಲ್ಲಿ ಮಾಡಿ ಮುಗಿಸಬೇಕಾದ ಕೆಲಸ ಬಹಳಷ್ಟಿದೆ ಎಂಬುದನ್ನು ನಾನು ಕೈಸುಟ್ಟುಕೊಂಡು ಕಲಿತೆ. ಒಮ್ಮೆ ಪೀಟರ್ ಎಂಬವನನ್ನು ಹುಡುಕುತ್ತ ಏಳೆಂಟು ತಪ್ಪು ಪೀಟರರ ಪುಟಗಳನ್ನು ಕೊಂಡೆ. ಅವನು ದೀಕ್ಷಾಸ್ನಾನದ ಪುಸ್ತಕದಲ್ಲಿ ಪ್ಯಾಟ್ರಿಕ್ ಆಗಿದ್ದ. ಅಲ್ಲಿ ಪೀಟರ್ ಮತ್ತು ಪ್ಯಾಟ್ರಿಕ್ ಒಂದೇ ಹೆಸರಿನ ಎರಡು ರೂಪಗಳಂತೆ ಬಳಕೆಯಾಗುತ್ತಿದ್ದವು. ಡೊನಾಲ್ಡ್ ಎಂಬವನು ಡೇನಿಯಲ್ ಆಗುವುದೂ, ಜೆಸ್ಸಿ ಎಂಬವಳು ಬೇರೊಂದು ಕಡೆ ಜಾನೆಟ್ ಆಗುವುದೂ, ಎಲ್ಸ್‌ಪೆತ್ ಮತ್ತು ಎಲಿಜಬೆತ್ ಒಬ್ಬಳೇ ಆಗಿರುವುದೂ ಮಾಮೂಲು. ನಮ್ಮಲ್ಲಿ ಶಾಲೆಯ ದಾಖಲಾತಿಯಲ್ಲಿ ವೆಂಕಟೇಶಯ್ಯ ಎಂದಿರುವವರು ಊರಿನಲ್ಲಿ ತಿಮ್ಮಪ್ಪ ಎಂದೇ ಹೆಸರಾಗಿರುವುದನ್ನು ಕಂಡವರಿಗೆ ಇದು ಅರ್ಥವಾಗದ ವಿಷಯವಲ್ಲ.

ಜನಗಣತಿಯ ಪುಟಗಳು 1841ರಿಂದ ಹತ್ತು ವರ್ಷಕ್ಕೊಮ್ಮೆ ಸಿಗುತ್ತವೆ, ಸದ್ಯಕ್ಕೆ 1921ರವರೆಗಿನವು ತೆರೆದಿವೆ. ಇವುಗಳಲ್ಲಿ 1841ರದ್ದು ಜಿಪುಣ: ಹದಿನೈದು ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯುವಂತೆ ಸೂಚನೆ ಇದ್ದುದರಿಂದ ಮೂವತ್ತನಾಲ್ಕರವನು ಮೂವತ್ತರವನಾಗುತ್ತಾನೆ, ಮನೆಯಲ್ಲಿದ್ದವರ ನಡುವಿನ ಸಂಬಂಧವನ್ನೂ ಬರೆದಿಲ್ಲ. 1851ರಿಂದ ಸಂಬಂಧ, ವಯಸ್ಸು, ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ) ಮೂರೂ ಸಿಗುತ್ತವೆ. ಈ ಮೂರನೆಯ ಕಾಲಮೇ ನಮಗೆ ಬೇಕಾದದ್ದು, ಏಕೆಂದರೆ 1855ಕ್ಕಿಂತ ಹಿಂದಕ್ಕೆ ಹೋಗಲು ಪ್ಯಾರಿಷ್ ಯಾವುದೆಂದು ತಿಳಿದಿರಬೇಕು. 1861ರಲ್ಲಿ ಒಂದಾದರೂ ಕಿಟಕಿ ಇರುವ ಕೋಣೆಗಳು ಎಷ್ಟು ಎಂಬ ಪ್ರಶ್ನೆಯೂ ಇತ್ತು. ಎಂಟು ಜನರ ಸಂಸಾರದ ಎದುರು "1" ಎಂಬ ಅಂಕಿಯನ್ನು ಕಂಡಾಗ ಮೇಜಿನ ಆಚೆ ಕುಳಿತ ಮೊಮ್ಮಕ್ಕಳು ಸ್ವಲ್ಪ ಹೊತ್ತು ಮಾತು ನಿಲ್ಲಿಸುತ್ತಿದ್ದುದನ್ನು ನಾನು ಅನೇಕ ಸಲ ನೋಡಿದ್ದೇನೆ. 1881ರ ಗಣತಿಯ ಸೂಚಿ ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಉಚಿತವಾಗಿದೆ. ಅಲ್ಲಿನ ಅನೇಕ ಸಾರ್ವಜನಿಕ ಗ್ರಂಥಾಲಯಗಳಲ್ಲಿ ವಂಶಾವಳಿಯ ದೊಡ್ಡ ಖಾಸಗಿ ಜಾಲತಾಣಗಳನ್ನೂ ಓದುಗರು ಹಣ ಕೊಡದೆ ಬಳಸಬಹುದು.

ಇನ್ನು 1855ಕ್ಕಿಂತ ಹಿಂದಿನ ಕಾಲ. ಇಲ್ಲಿ ನಮಗೆ ದೊರೆಯುವುದು ಚರ್ಚ್ ಆಫ್ ಸ್ಕಾಟ್ಲೆಂಡಿನ ಪಾದ್ರಿಗಳೂ ಅವರ ಗುಮಾಸ್ತರೂ ಇಟ್ಟುಕೊಂಡಿದ್ದ ಹಳೆಯ ಪ್ಯಾರಿಷ್ ಪುಸ್ತಕಗಳು. ಉಳಿದುಬಂದವುಗಳಲ್ಲಿ ಅತ್ಯಂತ ಹಳೆಯದು ಪರ್ತ್‌ಶೈರಿನ ಎರಲ್ ಎಂಬ ಊರಿನದು, 1553ರದ್ದು. ಒಟ್ಟು ಸುಮಾರು ಒಂಬೈನೂರು ಪ್ಯಾರಿಷ್‌ಗಳ ಮೂರೂವರೆ ಸಾವಿರದಷ್ಟು ಸಂಪುಟಗಳಿವೆ. ಇವು ಹೇಗಿರುತ್ತವೆ ಎಂಬುದಕ್ಕೆ ಎಲ್ಲರೂ ಬಲ್ಲ ಒಂದು ಉದಾಹರಣೆ ಕೊಡುತ್ತೇನೆ. ಕವಿ ರಾಬರ್ಟ್ ಬರ್ನ್ಸ್ 1759ರಲ್ಲಿ ಏರ್ ಪ್ಯಾರಿಷ್‌ಗೆ ಸೇರಿದ ಆಲೊವೆಯಲ್ಲಿ ಹುಟ್ಟಿದ. ಪ್ಯಾರಿಷ್ ಪುಸ್ತಕದಲ್ಲಿರುವ ನಮೂದಿನ ಸಾರ ಹೀಗಿದೆ: ಆಲೊವೆಯ ವಿಲಿಯಂ ಬರ್ನ್ಸ್ ಮತ್ತು ಆತನ ಪತ್ನಿ ಆಗ್ನೆಸ್ ಬ್ರೌನ್ ಇವರ ಔರಸ ಪುತ್ರ ರಾಬರ್ಟ್ ಜನವರಿ 25ರಂದು ಹುಟ್ಟಿದ, ಮರುದಿನ ವಿಲಿಯಂ ಡಾಲ್ರಿಂಪಲ್ ಎಂಬ ಪಾದ್ರಿ ದೀಕ್ಷಾಸ್ನಾನ ಮಾಡಿಸಿದರು, ಜಾನ್ ಟೆನೆಂಟ್ ಮತ್ತು ಜೇಮ್ಸ್ ಯಂಗ್ ಸಾಕ್ಷಿಗಳು.

ಎರಡು ಮೂರು ಸಾಲಿನ ಈ ನಮೂದನ್ನು ನಿಧಾನವಾಗಿ ಓದಬೇಕು. ಆಗ್ನೆಸ್ ಇಲ್ಲಿ ಆಗ್ನೆಸ್ ಬ್ರೌನ್ ಆಗಿಯೇ ಉಳಿದಿದ್ದಾಳೆ. ಔರಸ ಪುತ್ರ ಎಂಬ ಮಾತು ಅಲಂಕಾರಕ್ಕೆ ಬಂದದ್ದಲ್ಲ, ಮದುವೆಯ ಚೌಕಟ್ಟಿನೊಳಗೆ ಹುಟ್ಟಿದ ಮಗು ಎಂಬುದಕ್ಕೆ ಪುರಾವೆ. ಸಾಕ್ಷಿಗಳಾಗಿ ನಿಂತವರು ಸಾಮಾನ್ಯವಾಗಿ ನೆಂಟರೋ ನೆರೆಯವರೋ ಆಗಿರುತ್ತಿದ್ದುದರಿಂದ, ಒಂದೇ ಮನೆಯ ನಾಲ್ಕೈದು ಮಕ್ಕಳ ನಮೂದುಗಳಲ್ಲಿ ಮತ್ತೆ ಮತ್ತೆ ಬರುವ ಸಾಕ್ಷಿಯ ಹೆಸರು ತಾಯಿಯ ಅಣ್ಣತಮ್ಮಂದಿರನ್ನು ತೋರಿಸಿಕೊಡಬಹುದು. ತಂದೆ ತನ್ನ ಹೆಸರನ್ನು ಬರ್ನೆಸ್ ಎಂದು ಬರೆಯುತ್ತಿದ್ದನಾದರೂ ಗುಮಾಸ್ತರಿಗೆ ಕೇಳಿಸಿದ್ದು ಬರ್ನ್ಸ್. ಅಡ್ಡಹೆಸರಿನ ಕಾಗುಣಿತಕ್ಕೆ ಅಂಟಿಕೊಂಡವರು ಹಳೆಯ ಪುಸ್ತಕಗಳಲ್ಲಿ ಏನನ್ನೂ ಕಾಣಲಾರರು.

ಅದೇ ಮನೆಯ ಮಕ್ಕಳ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿದರೆ ಇನ್ನೊಂದು ಸಂಗತಿ ಹೊರಬೀಳುತ್ತದೆ. ಸ್ಕಾಟ್ಲೆಂಡಿನ ಹಳೆಯ ಪದ್ಧತಿಯಲ್ಲಿ ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು, ಮೂರನೆಯವನಿಗೆ ತಂದೆಯ ಹೆಸರು. ಹಿರಿಯ ಮಗಳಿಗೆ ತಾಯಿಯ ತಾಯಿಯ ಹೆಸರು, ಎರಡನೆಯವಳಿಗೆ ತಂದೆಯ ತಾಯಿಯ ಹೆಸರು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮಗೆ ಇದರಲ್ಲಿ ಹೊಸದೇನೂ ಇಲ್ಲ, ಸರದಿಯ ಕಟ್ಟುನಿಟ್ಟು ಮಾತ್ರ ಹೊಸದು. ರಾಬರ್ಟನ ತಂದೆಯ ತಂದೆ ರಾಬರ್ಟ್. ಎರಡನೆಯ ಮಗ ಗಿಲ್ಬರ್ಟ್, ತಾಯಿಯ ತಂದೆಯ ಹೆಸರೂ ಗಿಲ್ಬರ್ಟ್. ಮೂರನೆಯವನು ತಂದೆಯಂತೆಯೇ ವಿಲಿಯಂ. ಹಿರಿಯ ಮಗಳು ಆಗ್ನೆಸ್, ತಾಯಿಯ ತಾಯಿಯೂ ಆಗ್ನೆಸ್. ಇಲ್ಲಿಯವರೆಗೆ ಗಡಿಯಾರದಂತೆ ನಡೆದದ್ದು ಎರಡನೆಯ ಮಗಳಲ್ಲಿ ತಪ್ಪುತ್ತದೆ: ಅವಳು ಆನ್ನಬೆಲ್ಲಾ. ತಂದೆಯ ತಾಯಿ ಇಸಬೆಲ್ಲಾ ಕೀತ್‌ಳ ಹೆಸರು ಬಂದದ್ದು ಮೂರನೆಯ ಮಗಳಿಗೆ. ಆದುದರಿಂದ ಈ ಸರದಿಯನ್ನು ಸುಳಿವು ಎಂದು ಹಿಡಿಯಬೇಕು, ಸಾಕ್ಷ್ಯವೆಂದು ಬರೆದುಕೊಳ್ಳಬಾರದು. ಈ ಪದ್ಧತಿಯ ಜೊತೆಗೇ ಬೆಳೆದ ಇನ್ನೊಂದು ರೂಢಿಯನ್ನೂ ಇಲ್ಲಿ ಹೇಳಿಬಿಡುತ್ತೇನೆ, ಮುಂದೆ ಅದು ನಮಗೆ ಬೇಕಾಗುತ್ತದೆ: ತಾಯಿಯ ಅಥವಾ ಅಜ್ಜಿಯ ತವರಿನ ಅಡ್ಡಹೆಸರನ್ನೇ ಮಗುವಿನ ಹೆಸರಿನ ನಡುವೆ ಸೇರಿಸುವುದು ಸ್ಕಾಟ್ಲೆಂಡಿನ ಮನೆಗಳಲ್ಲಿ ಬಹಳ ಸಾಮಾನ್ಯವಾಗಿತ್ತು.

ಪ್ಯಾರಿಷ್ ಪುಸ್ತಕಗಳಲ್ಲಿ ತೂತುಗಳು ಬೇಕಾದಷ್ಟಿವೆ. ನಮೂದು ಕಡ್ಡಾಯವಾಗಿರಲಿಲ್ಲ, ಕೆಲವೆಡೆ ಅದಕ್ಕೆ ಶುಲ್ಕವೂ ಇತ್ತು. 1783ರಿಂದ 1794ರವರೆಗೆ ಪ್ರತಿ ನಮೂದಿನ ಮೇಲೆ ಮೂರು ಪೆನ್ನಿ ತೆರಿಗೆ ಇದ್ದ ಕಾಲದಲ್ಲಿ ಅನೇಕ ಬಡವರು ಗುಮಾಸ್ತರ ಕಡೆಗೆ ತಲೆಹಾಕಲಿಲ್ಲ. 1733ರಲ್ಲಿ ಮೂಲ ಚರ್ಚನ್ನು ಬಿಟ್ಟು ಹೋದವರು, 1843ರ ದೊಡ್ಡ ಒಡಕಿನಲ್ಲಿ ಫ್ರೀ ಚರ್ಚನ್ನು ಕಟ್ಟಿಕೊಂಡವರು, ಕ್ಯಾಥೊಲಿಕರು ಇವರೆಲ್ಲರ ದಾಖಲೆಗಳು ಬೇರೆ ಬೇರೆ ಪುಸ್ತಕಗಳಲ್ಲಿವೆ. ಮದುವೆಯ ಪುಸ್ತಕದಲ್ಲಿ ಸಿಗುವುದು ಅನೇಕ ಸಲ ಮದುವೆಯ ದಿನವಲ್ಲ, ಚರ್ಚಿನಲ್ಲಿ ಮದುವೆಯನ್ನು ಮುಂಚಿತವಾಗಿ ಸಾರಿದ ದಿನ. ವಧುವಿನ ಪ್ಯಾರಿಷ್ ಬೇರೆಯಾಗಿದ್ದರೆ ಎರಡೂ ಕಡೆ ಸಾರುತ್ತಿದ್ದುದರಿಂದ ಅವಳ ಊರಿನ ಪುಸ್ತಕದಲ್ಲಿ ಹೆಚ್ಚಿನ ವಿವರ ಇರುವುದುಂಟು. ಸಾವಿನ ನಮೂದುಗಳಂತೂ ತೀರ ವಿರಳ. ಆದರೆ ಶವಪೆಟ್ಟಿಗೆಯ ಮೇಲೆ ಹೊದಿಸುವ ಮಾರ್ಟ್‌ಕ್ಲಾತ್ ಎಂಬ ಕಪ್ಪು ಬಟ್ಟೆಯನ್ನು ಚರ್ಚು ಬಾಡಿಗೆಗೆ ಕೊಡುತ್ತಿತ್ತು, ಆ ಬಾಡಿಗೆಯನ್ನು ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಿದ್ದರು. ಮನುಷ್ಯ ಸತ್ತದ್ದನ್ನು ಬರೆಯಲು ಮರೆತ ಗುಮಾಸ್ತರು ಬಟ್ಟೆಯ ಬಾಡಿಗೆಯನ್ನು ಬರೆಯಲು ಮರೆತಿಲ್ಲ.

ಆ ಲೆಕ್ಕಗಳಿರುವುದು ಕರ್ಕ್ ಸೆಷನ್ ಎಂಬ, ಪಾದ್ರಿ ಮತ್ತು ಹಿರಿಯರ ಸಭೆಯ ಪುಸ್ತಕಗಳಲ್ಲಿ. ಊರಿನವರ ನಡತೆಯ ವಿಚಾರಣೆ, ಬಡವರಿಗೆ ಕೊಟ್ಟ ಕಾಸು, ಊರು ಬಿಟ್ಟು ಹೋಗುವವರಿಗೆ ಕೊಟ್ಟ ಶೀಲಪತ್ರ ಎಲ್ಲವೂ ಅಲ್ಲಿವೆ. ಬರ್ನ್ಸ್ ಮತ್ತು ಜೀನ್ ಆರ್ಮರ್ ಇವರ ದಾಂಪತ್ಯ ನಮಗೆ ದಾಖಲೆಯಾಗಿ ಸಿಗುವುದು ಇಂಥದೇ ಒಂದು ಪುಸ್ತಕದಲ್ಲಿ: ಚರ್ಚಿನ ಕ್ರಮದಂತೆ ನಡೆಯದ ಅವರ ಮದುವೆಯನ್ನು ಮಾಕ್ಲಿನ್ ಊರಿನ ಸಭೆ 1788ರ ಆಗಸ್ಟ್ 5ರಂದು ಮಾನ್ಯಮಾಡಿತು, ಇಬ್ಬರಿಗೂ ಛೀಮಾರಿ ಹಾಕಿತು, ಕವಿ ಬಡವರ ನಿಧಿಗೆ ಒಂದು ಗಿನಿ ಕೊಟ್ಟ. ಗಂಡು ಹೆಣ್ಣು ಪರಸ್ಪರ ಒಪ್ಪಿಗೆಯನ್ನು ಘೋಷಿಸಿಕೊಂಡರೆ ಸಾಕು, ಪಾದ್ರಿ ಇಲ್ಲದೆಯೂ ಮದುವೆ ಊರ್ಜಿತ ಎಂಬುದು 1940ರವರೆಗೆ ಅಲ್ಲಿನ ಕಾನೂನಾಗಿತ್ತು. ಆದ್ದರಿಂದ ಮದುವೆಯ ಪುಸ್ತಕದಲ್ಲಿ ಹೆಸರಿಲ್ಲದ ದಂಪತಿಗಳನ್ನು ಕಂಡು ಗಾಬರಿಯಾಗಬೇಕಾಗಿಲ್ಲ, ಸೆಷನ್ ಪುಸ್ತಕವನ್ನು ತೆರೆಯಬೇಕು. ಈ ಪುಸ್ತಕಗಳ ಬಹುಭಾಗವನ್ನು ಸ್ಕಾಟ್ಲೆಂಡ್ಸ್‌ಪೀಪಲ್ ಜಾಲತಾಣದಲ್ಲಿ 2021ರಿಂದ ಉಚಿತವಾಗಿ ನೋಡಬಹುದು. ಅವಕ್ಕೆ ಹೆಸರಿನ ಸೂಚಿ ಇಲ್ಲ, ಪುಟ ಪುಟ ತಿರುವಬೇಕು. ಪ್ಯಾರಿಷ್ ಗೊತ್ತಿರಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಇಲ್ಲಿಯವರೆಗೆ ಹೇಳಿದ್ದು ಹೆಚ್ಚಾಗಿ ಪತ್ರಾಗಾರದ ಸಂಪತ್ತು. ಗ್ರಂಥಾಲಯ ಇದಕ್ಕೆ ಪೂರಕವಾಗಿ ಏನು ಕೊಡುತ್ತದೆ ಎಂದರೆ, ಮೊದಲನೆಯದಾಗಿ ಊರನ್ನು. ಎಡಿನ್‌ಬರೋದ ನಾಲ್ಕನೆಯ ಜಾರ್ಜ್ ದೊರೆಯ ಹೆಸರಿನ ಸೇತುವೆಯ ಮೇಲಿರುವ ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್ ತನ್ನ ನಕ್ಷೆಗಳನ್ನು ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ನೋಡುವಂತೆ ಜಾಲದಲ್ಲಿ ತೆರೆದಿಟ್ಟಿದೆ. ಮೈಲಿಗೆ ಆರು ಅಂಗುಲದ ಅಳತೆಯಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ತಯಾರಾದ ಆರ್ಡ್ನೆನ್ಸ್ ಸರ್ವೆ ಎಂಬ ಸರ್ಕಾರಿ ಭೂಮಾಪನ ಸಂಸ್ಥೆಯ ಮೊದಲ ನಕ್ಷೆಗಳಲ್ಲಿ ಒಂದೊಂದು ತೋಟದ ಮನೆಯೂ ಬಾವಿಯೂ ಹೆಸರಿನೊಂದಿಗೆ ಕಾಣುತ್ತದೆ. ದಾಖಲೆಗಳಲ್ಲಿ ಒಕ್ಕಲಿನವನ ಹೆಸರಿನ ಮುಂದೆ ಬರುವುದು ಹಳ್ಳಿಯ ಹೆಸರಲ್ಲ, ಅವನಿದ್ದ ಹೊಲಮನೆಯ ಹೆಸರು. ನಮ್ಮ ಕರಾವಳಿಯಲ್ಲಿ ಮನೆತನಕ್ಕೆ ಮನೆಯ ಹೆಸರೇ ಗುರುತಾಗಿರುವಂತೆ. ಆ ಮನೆ ಪ್ಯಾರಿಷ್‌ನ ಅಂಚಿನಲ್ಲಿದೆ ಎಂದು ನಕ್ಷೆಯಲ್ಲಿ ಕಂಡರೆ, ಪಕ್ಕದ ಪ್ಯಾರಿಷ್‌ನ ಪುಸ್ತಕವನ್ನೂ ನೋಡಬೇಕೆಂದು ತಿಳಿಯುತ್ತದೆ, ಏಕೆಂದರೆ ಜನ ತಮ್ಮ ಪ್ಯಾರಿಷ್‌ನ ಚರ್ಚಿಗಿಂತ ಹತ್ತಿರದ ಚರ್ಚಿಗೆ ಹೋಗುತ್ತಿದ್ದುದುಂಟು.

ಊರಿನ ಬದುಕು ಹೇಗಿತ್ತೆಂದು ತಿಳಿಯಲು ಸರ್ ಜಾನ್ ಸಿಂಕ್ಲೇರ್ ಮಾಡಿಸಿದ ಸಮೀಕ್ಷೆಗೆ ಸಮಾನವಾದದ್ದು ಇಲ್ಲ. ದೇಶದ ಪ್ರತಿಯೊಂದು ಪ್ಯಾರಿಷ್‌ನ ಪಾದ್ರಿಗೂ ನೂರಕ್ಕೂ ಹೆಚ್ಚು ಪ್ರಶ್ನೆಗಳ ಪಟ್ಟಿ ಕಳಿಸಿ, ಬಂದ ಉತ್ತರಗಳನ್ನು 1791ರಿಂದ 1799ರ ನಡುವೆ ಇಪ್ಪತ್ತೊಂದು ಸಂಪುಟಗಳಲ್ಲಿ ಆತ ಅಚ್ಚು ಮಾಡಿಸಿದ. ಎರಡನೆಯ ಸುತ್ತಿನ ಸಮೀಕ್ಷೆ 1834ರಿಂದ 1845ರವರೆಗೆ ನಡೆಯಿತು. ಕೂಲಿಯ ದರ, ಬೆಳೆ, ರೋಗ, ಕುಡಿತ, ಊರು ಬಿಟ್ಟು ಹೋದವರ ಲೆಕ್ಕ ಎಲ್ಲವನ್ನೂ ಪಾದ್ರಿಗಳು ತಮ್ಮ ತಮ್ಮ ಹದದಲ್ಲಿ ಬರೆದಿದ್ದಾರೆ. ಕೆಲವರದು ಉಪದೇಶ, ಕೆಲವರದು ಒಳ್ಳೆಯ ಗದ್ಯ.

ಪೇಟೆಯಲ್ಲಿದ್ದವರಿಗೆ ಪೋಸ್ಟ್ ಆಫೀಸ್ ಡೈರೆಕ್ಟರಿಗಳು ಎಂಬ ಹೆಸರು ವಿಳಾಸಗಳ ಪುಸ್ತಕಗಳಿವೆ. ಎಡಿನ್‌ಬರೋದ ಮೊದಲ ಡೈರೆಕ್ಟರಿ 1773ರದ್ದು, ಗ್ಲಾಸ್ಗೋದ್ದು 1783ರದ್ದು; 1911ರವರೆಗಿನ ಏಳುನೂರಕ್ಕೂ ಹೆಚ್ಚು ಸಂಪುಟಗಳನ್ನು ನ್ಯಾಷನಲ್ ಲೈಬ್ರರಿ ಜಾಲಕ್ಕೆ ಏರಿಸಿದೆ. ಅಂಗಡಿಯವರು, ಕಸಬುದಾರರು, ಸ್ವಂತ ಬಾಗಿಲುಳ್ಳ ಮನೆಯವರು ಅದರಲ್ಲಿ ಸಿಗುತ್ತಾರೆ. ಬಾಡಿಗೆ ವಠಾರದ ಕೂಲಿಯಾಳು ಸಿಗುವುದಿಲ್ಲ. ಜನಗಣತಿಯ ಎರಡು ದಶಕಗಳ ನಡುವೆ ಒಬ್ಬ ಬಡಗಿ ಯಾವ ವರ್ಷ ಯಾವ ಬೀದಿಯಲ್ಲಿದ್ದ, ಯಾವ ವರ್ಷದಿಂದ ಅವನ ಹೆಸರಿನ ಜಾಗದಲ್ಲಿ ಹೆಂಡತಿಯ ಹೆಸರು "ಮಿಸೆಸ್" ಎಂದು ಬಂತು ಎಂಬುದನ್ನು ನೋಡುತ್ತ ಹೋದರೆ, ಮರಣದ ದಾಖಲೆಯನ್ನು ಕೊಳ್ಳುವ ಮೊದಲೇ ಆ ಮರಣದ ವರ್ಷ ಕೈಗೆ ಬರುತ್ತದೆ.

ಕೂಲಿಯಾಳಿನ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ದಾಖಲೆ ಬೇರೆಯೇ. 1845ರ ಬಡವರ ಕಾನೂನಿನ ನಂತರ ನೆರವು ಕೇಳಿ ಬಂದವರ ಅರ್ಜಿಗಳನ್ನು ಪ್ಯಾರಿಷ್‌ಗಳು ದೊಡ್ಡ ಪುಸ್ತಕಗಳಲ್ಲಿ ಬರೆದಿಟ್ಟವು. ಗ್ಲಾಸ್ಗೋ ನಗರದ ಅರ್ಜಿಗಳು ಅಲ್ಲಿನ ಮಿಚೆಲ್ ಲೈಬ್ರರಿಯ ಕಟ್ಟಡದಲ್ಲಿರುವ ನಗರ ಪತ್ರಾಗಾರದಲ್ಲಿವೆ. ಒಂದು ಪ್ಯಾರಿಷ್‌ನಲ್ಲಿ ಐದು ವರ್ಷ ನೆಲೆಸಿದವರಿಗೆ ಆ ಪ್ಯಾರಿಷ್ ನೆರವು ಕೊಡಬೇಕಿತ್ತು. ಖರ್ಚನ್ನು ಇನ್ನೊಬ್ಬರ ತಲೆಗೆ ಕಟ್ಟಲು ಸಾಧ್ಯವೇ ಎಂದು ನೋಡುವ ಆತುರದಲ್ಲಿ ಇನ್‌ಸ್ಪೆಕ್ಟರರು ಅರ್ಜಿದಾರರ ಹಿಂದಿನ ವಿಳಾಸಗಳು, ಹುಟ್ಟಿದ ಊರು, ಮದುವೆ, ಗಂಡ ಹೆಂಡಿರ ತಂದೆತಾಯಿಗಳು, ಬೆಳೆದ ಮಕ್ಕಳು ಎಲ್ಲಿದ್ದಾರೆ ಎಂಬುದನ್ನೆಲ್ಲ ಕೇಳಿ ಬರೆದರು, ಮನೆಗೂ ಹೋಗಿ ನೋಡಿದರು. ಜಿಪುಣತನದಿಂದ ಹುಟ್ಟಿದ ಇಂಥ ವಿವರವಾದ ಜೀವನಚರಿತ್ರೆಗಳು ಶ್ರೀಮಂತರಿಗೂ ಸಿಗಲಿಲ್ಲ. ಅರ್ಜಿ ಹಾಕಿದವರಲ್ಲಿ ವಿಧವೆಯರೂ ಗಂಡ ಬಿಟ್ಟುಹೋದವರೂ ಬಹಳ. ಅವರು ತವರಿನ ಹೆಸರಿನೊಂದಿಗೇ ದಾಖಲಾಗಿದ್ದಾರೆ. ಮನೆಯ ಗೌರವಕ್ಕೆ ಕುಂದು ಎಂದುಕೊಂಡು ಈ ಪುಸ್ತಕವನ್ನು ತೆರೆಯದೆ ಹೋದವರನ್ನು ನಾನು ಕಂಡಿದ್ದೇನೆ. ಅಂಗಡಿಯಲ್ಲಿ ಅಡ್ಡಹೆಸರಿನ ಟಾರ್ಟನ್ ಎಂಬ ಚೌಕಳಿ ಬಟ್ಟೆ ಕೊಂಡು, ತಾವು ಯಾವುದೋ ಕ್ಲಾನಿನ, ಎಂದರೆ ಕುಲದ, ಒಡೆಯರ ರಕ್ತಸಂಬಂಧಿಗಳೆಂದು ನಂಬಿ ಊರಿಗೆ ಮರಳುವವರೂ ಹೆಚ್ಚಾಗಿ ಇವರೇ. ಒಡೆಯನ ಹೆಸರನ್ನು ಅವನ ನೆಲದಲ್ಲಿದ್ದ ಒಕ್ಕಲುಗಳೂ ಇಟ್ಟುಕೊಳ್ಳುತ್ತಿದ್ದರು.

ಸ್ಥಳೀಯ ಗ್ರಂಥಾಲಯಗಳ ಕಪಾಟಿನಲ್ಲಿ ಸಿಗುವ ಇನ್ನೊಂದು ವಸ್ತು, ಸ್ಮಶಾನದ ಕಲ್ಲುಗಳ ಬರಹವನ್ನು ಸ್ವಯಂಸೇವಕರು ನಕಲು ಮಾಡಿ ಅಚ್ಚು ಹಾಕಿಸಿದ ತೆಳುವಾದ ಪುಸ್ತಕಗಳು. ದೂರದೇಶದಲ್ಲಿ ಸತ್ತವರ ಹೆಸರನ್ನೂ ಮನೆಯವರು ಊರಿನ ಕಲ್ಲಿನ ಮೇಲೆ ಕೆತ್ತಿಸುತ್ತಿದ್ದರು. ಡಂಫ್ರೀಸ್ ಪಟ್ಟಣದಲ್ಲಿ ಬರ್ನ್ಸ್ ಕುಟುಂಬದ ಸಮಾಧಿ ಮಂದಿರವಿದೆ. ಕವಿಯ ಮಗ ವಿಲಿಯಂ ನಿಕೋಲ್ ಬರ್ನ್ಸ್ ಮದ್ರಾಸ್ ಸೈನ್ಯದ ಅಧಿಕಾರಿಯಾಗಿದ್ದ. ಅವನ ಹೆಂಡತಿ ಕ್ಯಾಥರಿನ್ ಅಡಿಲೇಡ್ ಕ್ರೋನ್ 1841ರಲ್ಲಿ ತೀರಿಕೊಂಡದ್ದು ಈಸ್ಟ್ ಇಂಡೀಸಿನ "ಕುಲ್ಲಡ್ಗೀ" ಎಂಬಲ್ಲಿ. ಹೆಸರನ್ನು ಎರಡು ಸಲ ಗಟ್ಟಿಯಾಗಿ ಓದಿದರೆ ಅದು ನಮ್ಮ ಬಾಗಲಕೋಟೆ ಜಿಲ್ಲೆಯ ಕಲಾದಗಿ, ಆಗಿನ ಸೈನ್ಯದ ಠಾಣ್ಯ. ಆಕೆ ಕ್ರೋನ್ ಎಂಬ ತವರಿನ ಹೆಸರಿನಲ್ಲೇ ಉಳಿದಿರುವುದನ್ನು ಗಮನಿಸಬೇಕು.

ಇಲ್ಲಿಂದ ಭಾರತದ ಕಡೆಯ ದಾಖಲೆಗಳಿಗೆ ಬರಬಹುದು. ಕಂಪನಿಯ ಕಾಲದಿಂದಲೂ ಇಲ್ಲಿನ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು, ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಬೆಂಗಳೂರಿನ ದಂಡು ಮದ್ರಾಸ್ ಸರಣಿಯಲ್ಲಿ, ಎಂದರೆ "ಎನ್/2" ಎಂಬ ಗುರುತಿನ ಸಂಪುಟಗಳಲ್ಲಿ ಬರುತ್ತದೆ. ಬ್ರಿಟಿಷ್ ಇಂಡಿಯಾದ ಕುಟುಂಬಗಳ ಬಗ್ಗೆ ಕೆಲಸ ಮಾಡುವ ಫಿಬಿಸ್ ಎಂಬ ಸಂಘದ ಸೂಚಿಯನ್ನು ಉಚಿತವಾಗಿ ಹುಡುಕಬಹುದು. ಈ ದಾಖಲೆಗಳಲ್ಲಿ ಒಂದು ಕೊರತೆಯಿದೆ: ಮದುವೆಯ ನಮೂದಿನಲ್ಲಿ ತಂದೆಯ ಹೆಸರು ಮಾತ್ರ ಇರುತ್ತದೆ. ಇವು ಇಂಗ್ಲಿಷ್ ಮಾದರಿಯವು. ಸ್ಕಾಟ್ಲೆಂಡಿನಲ್ಲಿ ಮದುವೆಯಾಗಿದ್ದರೆ ನಾಲ್ಕು ಹಿರಿಯರು ಸಿಗುತ್ತಿದ್ದರು, ಬೆಂಗಳೂರಿನಲ್ಲಿ ಆದದ್ದರಿಂದ ಇಬ್ಬರೇ ಸಿಕ್ಕಿದರು.

ಮೇಜಿನ ಮೇಲಿದ್ದ ಹಾಳೆಯ ತೊಡಕು ಇದೇ ಆಗಿತ್ತು. 1884ರಲ್ಲಿ ಇಪ್ಪತ್ತಾರು ಎಂದರೆ ಜಾನ್ ಹುಟ್ಟಿದ್ದು 1858ರ ಆಸುಪಾಸಿನಲ್ಲಿ, ಸರ್ಕಾರಿ ನೋಂದಣಿ ತೊಡಗಿದ ಮೇಲೆ. ಜನನದ ದಾಖಲೆ ಇರಲೇಬೇಕು. ಆದರೆ ಆ ಕಾಲದ ಜನನಗಳ ಸರ್ಕಾರಿ ಸೂಚಿಯಲ್ಲಿ ತಾಯಿಯ ಹೆಸರಿಲ್ಲ, ಅದು ಸೂಚಿಗೆ ಸೇರಿದ್ದು 1929ರಿಂದ. ಸಾಲು ಸಾಲು ಜಾನ್ ಮ್ಯಾಕ್‌ಡೊನಾಲ್ಡರ ಪುಟಗಳನ್ನು ಕೊಳ್ಳುತ್ತ ಕೂಡುವಂತಿಲ್ಲ. ಒಂದು ದಾರಿ ಸೈನ್ಯದ್ದು: ವೃತ್ತಿಯ ಕಾಲಮಿನಲ್ಲಿ ರೆಜಿಮೆಂಟಿನ ಹೆಸರೂ ಇತ್ತು, ಪಿಂಚಣಿ ಪಡೆದು ಬಿಡುಗಡೆಯಾದ ಸಿಪಾಯಿಗಳ ಕಾಗದಗಳು ಲಂಡನ್ನಿನ ಕ್ಯೂ ಬಡಾವಣೆಯ ಪತ್ರಾಗಾರದಲ್ಲಿವೆ, ಅವುಗಳಲ್ಲಿ ಹುಟ್ಟಿದ ಪ್ಯಾರಿಷ್ ಇರುತ್ತದೆ. ಇನ್ನೊಂದು ದಾರಿಗಾಗಿ, ಉಪನ್ಯಾಸ ಮುಗಿದ ಮೇಲೆ ಆ ಹಿರಿಯರನ್ನು ಒಂದು ಪ್ರಶ್ನೆ ಕೇಳಿದೆ: ಜಾನ್ ಅವರ ಮಕ್ಕಳ ಪೂರ್ಣ ಹೆಸರುಗಳು ನಿಮಗೆ ಗೊತ್ತೇ, ಅಮ್ಮಾ?

"ನಮ್ಮ ಅಜ್ಜ ಅವರ ಹಿರೀ ಮಗ. ಡೊನಾಲ್ಡ್ ಫರ್ಕರ್ಸನ್ ಮ್ಯಾಕ್‌ಡೊನಾಲ್ಡ್. ಆ ಫರ್ಕರ್ಸನ್ ಯಾಕೆ ಬಂತು ಅಂತ ಯಾರಿಗೂ ಗೊತ್ತಿರಲಿಲ್ಲ. ಯಾರೋ ದೊಡ್ಡ ಅಧಿಕಾರಿಯ ಹೆಸರು ಇಟ್ಟಿರಬೇಕು ಅಂದುಕೊಂಡಿದ್ವಿ," ಎಂದರು ಅವರು. ಹಾಳೆಯಲ್ಲಿ ಜಾನ್ ಅವರ ತಂದೆಯ ಹೆಸರು ಡೊನಾಲ್ಡ್ ಎಂದೇ ಇತ್ತು. ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರು ಬಂದಿತ್ತು. ನಡುವಿನದು ಜಾನ್ ಅವರ ತಾಯಿಯ ತವರಿನದ್ದಿರಬಹುದು, ಅವರ ಹೆಂಡತಿಯ ಕಡೆಯದ್ದೂ ಇರಬಹುದು. ಹೆಂಡತಿಯ ಕಡೆಯವರ ಹೆಸರುಗಳು ಆ ಹಿರಿಯ ಮಹಿಳೆಗೆ ಚೆನ್ನಾಗಿ ಗೊತ್ತಿದ್ದವು, ಅಲ್ಲಿ ಫರ್ಕರ್ಸನ್ ಯಾರೂ ಇರಲಿಲ್ಲ. 1855ರಿಂದ 1875ರವರೆಗಿನ ಸ್ಕಾಟ್ಲೆಂಡಿನ ಜನನಗಳಲ್ಲಿ ಬಹುಪಾಲಿನ ಸೂಚಿ ಫ್ಯಾಮಿಲಿಸರ್ಚ್‌ನಲ್ಲಿ ತಾಯಿಯ ಹೆಸರಿನ ಸಮೇತ ಉಚಿತವಾಗಿದೆ ಎಂದು ತಿಳಿಸಿ, ಮಗು ಜಾನ್, ತಂದೆ ಡೊನಾಲ್ಡ್ ಮ್ಯಾಕ್‌ಡೊನಾಲ್ಡ್, ತಾಯಿಯ ಅಡ್ಡಹೆಸರು ಫರ್ಕರ್ಸನ್, 1856ರಿಂದ 1860 ಎಂದು ಹುಡುಕುವ ಕ್ರಮವನ್ನು ಅವರ ಮೊಮ್ಮಗನ ಫೋನಿನಲ್ಲಿ ಬರೆದುಕೊಟ್ಟೆ. ಅವರು ಪೆನ್ಸಿಲ್ ಕೇಳಿ ಪಡೆದು, ಹಾಳೆಯಲ್ಲಿ ತಂದೆಯ ಹೆಸರಿನ ಪಕ್ಕದ ಖಾಲಿ ಜಾಗದಲ್ಲಿ ಫರ್ಕರ್ಸನ್ ಎಂದು ಬರೆದು, ಅದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು.